ಕೈಕೆಲಸವೋ, ಭಾಷೆಯೋ? ಒಂದು ಹಳೆಯ ಪ್ರಶ್ನೆಯ ಚರಿತ್ರೆ

ಶಿರಸಿ ತಾಲೂಕಿನ ಇಸಳೂರಿನಂತಹ ಊರುಗಳಲ್ಲಿ ಮಗ ಹೈಸ್ಕೂಲು ಸೇರುವ ಹೊತ್ತಿಗೆ ಮನೆಯಲ್ಲಿ ಒಂದು ಸಣ್ಣ ಚರ್ಚೆ ನಡೆಯುವುದುಂಟು. ವೃತ್ತಿ ವಿಷಯ ಕಲಿಸುವ ಸರಕಾರಿ ಪ್ರೌಢಶಾಲೆ ಹತ್ತಿರದಲ್ಲಿದ್ದರೆ ಚರ್ಚೆ ಇನ್ನಷ್ಟು ಬಿಸಿಯಾಗುತ್ತದೆ. ಮೂರನೆಯ ಭಾಷೆಯಾಗಿ ಹಿಂದಿ ಓದಬೇಕೋ, ಅದರ ಬದಲು ಆಟೊಮೊಬೈಲ್ ತೆಗೆದುಕೊಳ್ಳಬೇಕೋ? 'ಹಿಂದಿ ಕಲಿತು ಇವನು ಯಾವ ದಿಲ್ಲಿಗೆ ಹೋಗಬೇಕಾಗಿದೆ? ಗ್ಯಾರೇಜಿನ ಕೆಲಸ ಗೊತ್ತಿದ್ದರೆ ಹೊಟ್ಟೆಗೆ ಮೋಸವಿಲ್ಲ' ಎನ್ನುತ್ತಾನೆ ಅಪ್ಪ. 'ಹುಬ್ಬಳ್ಳಿ ದಾಟಿ ಪುಣೆ, ಮುಂಬಯಿಗೆ ಹೋದರೆ ಆ ಗ್ಯಾರೇಜಿನಲ್ಲೂ ಮಾತಾಡಲು ಹಿಂದಿಯೇ ಬೇಕಲ್ಲ' ಎನ್ನುತ್ತಾನೆ ಊರು ಬಿಟ್ಟು ದುಡಿದು ಬಂದ ಮಾವ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಕೊನೆಗೆ ತೀರ್ಮಾನ ಮಾಡುವುದು ಮಾತ್ರ ಮೂರನೆಯದೇ ಒಂದು ಪ್ರಶ್ನೆ: ಯಾವುದರಲ್ಲಿ ಅಂಕ ಸುಲಭ?

ಈ ಚರ್ಚೆ ಇಂದು ನಿನ್ನೆಯದಲ್ಲ. ಹದಿಮೂರು, ಹದಿನಾಲ್ಕರ ಮಗುವಿನ ಮುಂದೆ ಕೈಕೆಲಸವನ್ನೂ ಭಾಷೆಯನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು 'ಒಂದನ್ನು ಆರಿಸಿಕೋ' ಎನ್ನುವ ಪದ್ಧತಿಗೆ ನಮ್ಮಲ್ಲಿ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ. ಆ ತಕ್ಕಡಿಯನ್ನು ಹಿಡಿದವರು ಯಾರು, ಪ್ರತಿಸಲವೂ ನಷ್ಟ ಯಾರ ಪಾಲಿಗೆ ಬಂತು ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಂದಿನ ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಆಗಿನಿಂದ 1956ರವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಕ್ಕಳ ಶಿಕ್ಷಣದ ನಿರ್ಧಾರಗಳೆಲ್ಲ ಆದದ್ದು ಮುಂಬಯಿಯಲ್ಲಿ. ಸರಕಾರಿ ನೌಕರಿಯ ಬಾಗಿಲು ಮೆಟ್ರಿಕ್ಯುಲೇಶನ್. ಆ ಬಾಗಿಲಿನ ಬೀಗದ ಕೈ ಇಂಗ್ಲಿಷ್. ಅದರ ಜೊತೆಗೆ ಸಂಸ್ಕೃತ, ಪಾರಸಿಯಂತಹ ಒಂದು ಶಾಸ್ತ್ರೀಯ ಭಾಷೆ. ತೋಟದ ಕೆಲಸ, ಮರಗೆಲಸ, ನೇಯ್ಗೆ ಇವಾವುವೂ ಆ ಬಾಗಿಲ ಬಳಿ ಸುಳಿಯುವಂತಿರಲಿಲ್ಲ.

ಇದು ಸರಿಯಲ್ಲ ಎಂದು ಬ್ರಿಟಿಷರಿಗೇ ಅನಿಸಿತ್ತು. 1882ರಲ್ಲಿ ನೇಮಕವಾದ ಹಂಟರ್ ಆಯೋಗ ಹೈಸ್ಕೂಲಿನ ಮೇಲಿನ ತರಗತಿಗಳನ್ನು ಎರಡು ದಾರಿಗಳಾಗಿ ಒಡೆಯಲು ಸಲಹೆ ಮಾಡಿತು. ಒಂದು ದಾರಿ ವಿಶ್ವವಿದ್ಯಾಲಯಕ್ಕೆ. ಇನ್ನೊಂದು ವ್ಯಾಪಾರ ಮತ್ತಿತರ ಪ್ರಾಯೋಗಿಕ ಕೆಲಸಗಳಿಗೆ. ಕಾಗದದ ಮೇಲೆ ಚಂದದ ಯೋಜನೆ. ಆದರೆ ಎರಡನೆಯ ದಾರಿಯಲ್ಲಿ ನಡೆಯಲು ಹೆಚ್ಚು ಜನ ಬರಲಿಲ್ಲ. ಯಾಕೆ ಬರುತ್ತಾರೆ? ಮೊದಲ ದಾರಿಯ ಕೊನೆಯಲ್ಲಿ ಕಚೇರಿಯ ಕುರ್ಚಿ ಕಾಣುತ್ತಿತ್ತು, ಎರಡನೆಯ ದಾರಿಯ ಕೊನೆಯಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ದಾರಿಗಳು ಎರಡಾದರೂ ಅವುಗಳ ಬೆಲೆ ಒಂದೇ ಆಗಿರಲಿಲ್ಲ. ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಈ ಪಾಠ ಮತ್ತೆ ಮತ್ತೆ ಬರುತ್ತದೆ.

ತಕ್ಕಡಿಯನ್ನೇ ಬದಿಗಿಡಲು ನಡೆದ ದೊಡ್ಡ ಪ್ರಯತ್ನ 1937ರದು. ಆ ವರ್ಷದ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಪಠ್ಯಕ್ರಮ ರೂಪಿಸುವ ಸಮಿತಿಯ ಅಧ್ಯಕ್ಷರಾದವರು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಉಪಕುಲಪತಿ ಡಾ. ಝಾಕಿರ್ ಹುಸೇನ್. ಮುಂದೆ 1967ರಲ್ಲಿ ದೇಶದ ರಾಷ್ಟ್ರಪತಿಯಾದವರು ಇವರೇ. ಏಳು ವರ್ಷಗಳ ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ ಬೋಧನೆ, ಒಂದು ಕಸುಬಿನ ಸುತ್ತ ಉಳಿದೆಲ್ಲ ವಿಷಯಗಳ ಜೋಡಣೆ - ಇದು ಯೋಜನೆಯ ತಿರುಳು.

ಝಾಕಿರ್ ಹುಸೇನ್ ಸಮಿತಿಯ ವೇಳಾಪಟ್ಟಿಯನ್ನು ನೋಡಿ. ದಿನಕ್ಕೆ ಐದೂವರೆ ಗಂಟೆಯ ಶಾಲೆ. ಅದರಲ್ಲಿ ಮೂಲ ಕಸುಬಿಗೆ 3 ಗಂಟೆ 20 ನಿಮಿಷ, ಮಾತೃಭಾಷೆಗೆ 40 ನಿಮಿಷ. ಮೊದಲ ನೋಟಕ್ಕೆ ಭಾಷೆಗೆ ಅನ್ಯಾಯವಾದಂತೆ ಕಾಣುತ್ತದೆ. ಆದರೆ ಸಮಿತಿಯ ವಿಚಾರ ಬೇರೆಯಿತ್ತು. ನೂಲುವಾಗ, ನೇಯುವಾಗ, ತೋಟದಲ್ಲಿ ಅಗೆಯುವಾಗ ಮಗು ಮಾತಾಡುತ್ತದೆ, ಅಳೆಯುತ್ತದೆ, ಬರೆದಿಡುತ್ತದೆ. ಕಸುಬಿನ ಹೊತ್ತು ಭಾಷೆಯ ಹೊತ್ತೂ ಆಗಬೇಕು ಎಂಬುದು ಅವರ ಆಶಯ. ಅಲ್ಲಿ 'ಇದೋ ಅದೋ' ಎಂಬ ಪ್ರಶ್ನೆ ಇರಲಿಲ್ಲ.

ಝಾಕಿರ್ ಹುಸೇನರಿಗೆ ಇದರ ಅಪಾಯವೂ ಗೊತ್ತಿತ್ತು. ಮಕ್ಕಳ ದುಡಿಮೆಯಿಂದಲೇ ಶಾಲೆಯ ಖರ್ಚು ತೂಗಬೇಕೆಂಬ ವಿಚಾರ ಬಂದಾಗ, ಮೇಷ್ಟ್ರು ಬಡಮಕ್ಕಳಿಂದ ಕೆಲಸ ಹಿಂಡುವ ಮೇಸ್ತ್ರಿಯಾಗಿಬಿಡಬಹುದು ಎಂದು ಅವರು ಗಾಂಧೀಜಿಯವರ ಮುಂದೆಯೇ ಎಚ್ಚರಿಸಿದ್ದರು. ಕಸುಬು ಕಲಿಕೆಯ ಸಾಧನ, ಆದಾಯದ ಸಾಧನವಲ್ಲ ಎಂಬ ಈ ಎಚ್ಚರ ಇಂದಿಗೂ ಹಳತಾಗಿಲ್ಲ.

ಮುಂಬಯಿಯಲ್ಲಿ ಆಗ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರಕಾರವಿತ್ತು. ವಾರ್ಧಾ ಯೋಜನೆಯ ಬಗ್ಗೆ ಆಸಕ್ತಿಯೂ ಇತ್ತು. ಆದರೆ 1939ರಲ್ಲಿ ಪ್ರಾಂತಗಳ ಕಾಂಗ್ರೆಸ್ ಸರಕಾರಗಳು ರಾಜೀನಾಮೆ ಕೊಟ್ಟವು. ಮುಸ್ಲಿಮ್ ಲೀಗ್ ಈ ಯೋಜನೆಯನ್ನು ವಿರೋಧಿಸಿತು. ಧಾರ್ಮಿಕ ಶಿಕ್ಷಣಕ್ಕೆ ಅಲ್ಲಿ ಜಾಗವಿಲ್ಲ ಎಂಬುದು ಆಕ್ಷೇಪಗಳಲ್ಲೊಂದು. ಆದರೆ ಯೋಜನೆ ಸೊರಗಿದ್ದು ಬರೀ ರಾಜಕೀಯದಿಂದಲ್ಲ. ಮೂಲಶಿಕ್ಷಣದ ಏಳು ವರ್ಷಗಳಲ್ಲಿ ಇಂಗ್ಲಿಷ್ ಇರಲಿಲ್ಲ. ಉಳ್ಳವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಇರುವ ಕಡೆಗೇ ಕಳುಹಿಸಿದರು. ಬಡವರ ಮಕ್ಕಳ ಕೈಗೆ ತಕಲಿ, ಉಳ್ಳವರ ಮಕ್ಕಳ ಕೈಗೆ ಇಂಗ್ಲಿಷ್ ಪುಸ್ತಕ. ಯಾವುದಕ್ಕೆ ಬೆಲೆ ಹೆಚ್ಚೆಂದು ಬಡವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸ್ವಾತಂತ್ರ್ಯದ ನಂತರ ಮತ್ತೊಂದು ಪ್ರಯತ್ನವಾಯಿತು. ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ 1953ರಲ್ಲಿ ವರದಿ ಕೊಟ್ಟಿತು. ಭಾಷೆ, ಸಮಾಜ, ವಿಜ್ಞಾನಗಳ ಜೊತೆ ಎಲ್ಲ ಮಕ್ಕಳಿಗೂ ಒಂದು ಕಸುಬು ಇರಬೇಕು, ಅದರ ಮೇಲೆ ತಾಂತ್ರಿಕ, ವಾಣಿಜ್ಯ, ಕೃಷಿ, ಗೃಹವಿಜ್ಞಾನ ಮುಂತಾದ ಏಳು ಗುಂಪುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂದಿತು. ಇಂತಹ ಶಾಲೆಗಳಿಗೆ 'ಬಹೂದ್ದೇಶ ಪ್ರೌಢಶಾಲೆ' ಎಂಬ ಹೆಸರು ಬಂತು. 1956ರ ನವೆಂಬರ್ 1ರಂದು ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ದೇಶವೆಲ್ಲ ಇದೇ ಮಾತು. ಕಾರ್ಯಾಗಾರ ಕಟ್ಟಲು ದುಡ್ಡು ಬೇಕು, ಕಲಿಸಲು ನುರಿತ ಮೇಷ್ಟ್ರು ಬೇಕು. ಎರಡೂ ಸಾಕಷ್ಟು ಸಿಗಲಿಲ್ಲ. 1966ರ ಕೊಠಾರಿ ಆಯೋಗ ಅದನ್ನೇ 'ಕಾರ್ಯಾನುಭವ' ಎಂದು ಕರೆಯಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂಬ ಉದ್ದನೆಯ ಹೆಸರು ಕೊಟ್ಟಿತು. ಹೆಸರು ಉದ್ದವಾದಂತೆ ಕೆಲಸ ಗಿಡ್ಡವಾಗುತ್ತ ಹೋಯಿತು. ಅನೇಕ ಶಾಲೆಗಳಲ್ಲಿ ಅದು ಅಂಗಳ ಗುಡಿಸುವ, ಗಿಡಕ್ಕೆ ನೀರು ಹಾಕುವ ಪೀರಿಯಡ್ಡಾಗಿ ಉಳಿಯಿತು.

ಇತ್ತ ಭಾಷೆಯ ಕಡೆ ಬೇರೆಯೇ ಕಥೆ. 1968ರ ರಾಷ್ಟ್ರೀಯ ಶಿಕ್ಷಣ ನೀತಿ ತ್ರಿಭಾಷಾ ಸೂತ್ರವನ್ನು ಒಪ್ಪಿತು. ಕಸುಬಿನ ಜಾಗ ಕುಗ್ಗುತ್ತಿದ್ದಾಗಲೇ ಭಾಷೆಗಳ ಸಂಖ್ಯೆ ಮೂರಾಯಿತು. ಮೂರು ಭಾಷೆಗಳಲ್ಲಿ ಯಾವುದಕ್ಕೆ ಯಾವ ಪೀಠ ಎಂಬ ಜಗಳ ಕರ್ನಾಟಕದಲ್ಲಿ ಎಷ್ಟು ಜೋರಾಯಿತೆಂದು ನಮ್ಮ ಹಿರಿಯ ಓದುಗರಿಗೆ ನೆನಪಿರಬಹುದು. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಮೊದಲ ಭಾಷೆಯಾಗಿ ತೆಗೆದುಕೊಂಡು ಕನ್ನಡವನ್ನೇ ಓದದೆ ಮುಂದೆ ಹೋಗಬಹುದಾಗಿತ್ತು. ಸಂಸ್ಕೃತದಲ್ಲಿ ಅಂಕ ಧಾರಾಳ ಎಂಬುದೇ ಹಲವರಿಗೆ ಅದರ ಆಕರ್ಷಣೆಯಾಗಿತ್ತು. 1980ರಲ್ಲಿ ನೇಮಕವಾದ ವಿ.ಕೃ. ಗೋಕಾಕ್ ಸಮಿತಿ 1981ರ ಜನವರಿಯಲ್ಲಿ ವರದಿ ಕೊಟ್ಟು, ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಮೊದಲ ಭಾಷೆಯಾಗಬೇಕೆಂದಿತು. 1982ರಲ್ಲಿ ಡಾ. ರಾಜಕುಮಾರ್ ಬೀದಿಗಿಳಿದ ಮೇಲೆ ಚಳವಳಿ ಮನೆಮನೆಗೆ ತಲುಪಿತು. ಉರ್ದು ಮಾತಾಡುವವರೂ ಸೇರಿ ಭಾಷಾ ಅಲ್ಪಸಂಖ್ಯಾತರು ತಮ್ಮ ಆತಂಕ ಹೇಳಿಕೊಂಡರು. ವಿಷಯ ನ್ಯಾಯಾಲಯಕ್ಕೆ ಹೋಗಿ, 1989ರಲ್ಲಿ ಹೈಕೋರ್ಟಿನ ಪೂರ್ಣಪೀಠ ಕನ್ನಡವನ್ನೇ ಏಕೈಕ ಮೊದಲ ಭಾಷೆಯಾಗಿ ಹೇರುವುದನ್ನು ಒಪ್ಪಲಿಲ್ಲ. ಆ ಬಳಿಕ ಸರಕಾರ ಹೊರಡಿಸಿದ ಭಾಷಾ ನೀತಿಯನ್ನು ಸುಪ್ರೀಂಕೋರ್ಟು 1993ರಲ್ಲಿ ಎತ್ತಿಹಿಡಿಯಿತು. ಮೊದಲ ಭಾಷೆಗೆ 125, ಎರಡನೆಯದಕ್ಕೂ ಮೂರನೆಯದಕ್ಕೂ ತಲಾ 100 ಅಂಕ ಎಂಬ ಎಸ್ಸೆಸ್ಸೆಲ್ಸಿಯ ಲೆಕ್ಕ ನೆಲೆಯೂರಿದ್ದು ಈ ಜಗಳದ ದಿನಗಳಲ್ಲಿಯೇ.

ಒಂದು ಮಾತನ್ನು ಗಮನಿಸಬೇಕು. ಈ ಇಡೀ ಹೋರಾಟದಲ್ಲಿ ಭಾಷೆಯೊಂದು ಅಂಕದ ಗಂಟಾಗಿ ಕಂಡಿತು. ಸಂಸ್ಕೃತವನ್ನು ಆರಿಸಿಕೊಂಡ ಎಲ್ಲರಿಗೂ ಕಾಳಿದಾಸನ ಮೇಲೆ ಪ್ರೀತಿ ಇರಲಿಲ್ಲ. ಅದೇ ರೀತಿ ಇಂದು ವೃತ್ತಿ ವಿಷಯವನ್ನು ಆರಿಸಿಕೊಳ್ಳುವ ಎಲ್ಲರಿಗೂ ಎಂಜಿನ್ನಿನ ಮೇಲೆ ಪ್ರೀತಿ ಇದೆಯೆಂದು ಹೇಳುವಂತಿಲ್ಲ.

ಹಾಗಾದರೆ ಇಂದಿನ ಆಯ್ಕೆ ಹೇಗಿದೆ? ಕೇಂದ್ರ ಸರಕಾರ 2013ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಪ್ರಕಟಿಸಿತು. ಮೇಷ್ಟ್ರುಗಳ ಬಾಯಲ್ಲಿ ಅದು 'ಎನ್‌ಎಸ್‌ಕ್ಯುಎಫ್'. ಅದರಡಿಯಲ್ಲಿ ಕರ್ನಾಟಕದ ಆಯ್ದ ಪ್ರೌಢಶಾಲೆಗಳಿಗೆ ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ಚಿಲ್ಲರೆ ವ್ಯಾಪಾರ, ಸೌಂದರ್ಯ ಮತ್ತು ಸ್ವಾಸ್ಥ್ಯದಂತಹ ವಿಷಯಗಳು ಬಂದವು. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ಇವುಗಳ ಪರೀಕ್ಷೆ ಬರುವುದು ಮೂರನೆಯ ಭಾಷೆಯ ದಿನದಂದೇ. ಅಂದರೆ ಹಿಂದಿ, ಉರ್ದು, ಅರಬಿ, ಸಂಸ್ಕೃತ, ಕೊಂಕಣಿ, ತುಳು ಇವುಗಳ ಸಾಲಿನಲ್ಲಿಯೇ ಗ್ಯಾರೇಜೂ ನಿಂತಿದೆ.

ಹಿಂದಿ ಕಬ್ಬಿಣದ ಕಡಲೆಯಾದ ಮಗುವಿಗೆ ಇದು ನಿಜವಾಗಿಯೂ ದೊಡ್ಡ ಸಹಾಯ. ಫೇಲಾಗಿ ಶಾಲೆ ಬಿಡುವುದಕ್ಕಿಂತ ಕೈಗೊಂದು ಕೆಲಸ ಕಲಿತು ಪಾಸಾಗುವುದು ಮೇಲು. ಪಿಯುಸಿಯಲ್ಲಿ ಓದಬೇಕಾದದ್ದು ಎರಡೇ ಭಾಷೆ. ಹಾಗಾಗಿ ಮುಂದಿನ ದಾರಿಯೂ ಮುಚ್ಚುವುದಿಲ್ಲ. ಇದನ್ನು ಹಗುರವಾಗಿ ತಳ್ಳಿಹಾಕುವವರು ಬಡವರ ಮನೆಯ ಕಷ್ಟ ಅರಿಯದವರು.

ಆದರೆ ಮೂರನೆಯ ಭಾಷೆ ಎಂಬುದು ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಕನ್ನಡ ಮಾಧ್ಯಮದ ಹೆಚ್ಚಿನ ಮಕ್ಕಳಿಗೆ ಅದು ಹಿಂದಿ. ಶಿರಸಿಯ ಮುಸ್ಲಿಮ್ ಮನೆಗಳಲ್ಲಿ ದಖನಿ ಉರ್ದು ಮಾತಾಡುತ್ತ ಕನ್ನಡ ಶಾಲೆಗೆ ಹೋಗುವ ಮಗು ಉರ್ದುವನ್ನು ಮೂರನೆಯ ಭಾಷೆಯಾಗಿ ತೆಗೆದುಕೊಂಡಿದ್ದರೆ, ಅವಳು ತನ್ನ ಮನೆಮಾತಿನ ಲಿಪಿಯನ್ನು ಕಾಣುವ ಕಡೆಯ ಕಿಟಕಿ ಅದು. ಉರ್ದು ಮಾಧ್ಯಮದ ಹುಡುಗಿಯ ಸ್ಥಿತಿ ಇನ್ನೂ ಬಿಗಿ. ಅವಳ ಮೊದಲ ಭಾಷೆ ಉರ್ದು. ಕನ್ನಡ ಮತ್ತು ಇಂಗ್ಲಿಷ್‌ಗಳಲ್ಲಿ ಒಂದು ಎರಡನೆಯದು, ಇನ್ನೊಂದು ಮೂರನೆಯದು. ಅವಳು ಮೂರನೆಯ ಭಾಷೆಯ ಬದಲು ವೃತ್ತಿ ವಿಷಯ ತೆಗೆದುಕೊಂಡರೆ ಕಳೆದುಕೊಳ್ಳುವುದು ಹಿಂದಿಯನ್ನಲ್ಲ, ರಾಜ್ಯದ ಭಾಷೆಯನ್ನು ಅಥವಾ ಇಂಗ್ಲಿಷನ್ನು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕೆನ್ನುತ್ತದೆ. 2017-18ರಿಂದ ಒಂದನೆಯ ತರಗತಿಯಿಂದ ಶುರುವಾಗಿ ಹಂತಹಂತವಾಗಿ ಮೇಲಿನ ತರಗತಿಗಳಿಗೆ ಅದು ಅನ್ವಯವಾಗಬೇಕು. ಆಗ ಮೂರನೆಯ ಸ್ಥಾನಕ್ಕೆ ಬರುವುದು ಇಂಗ್ಲಿಷ್. ಅವಳ ಪಾಲಿಗೆ ಆಯ್ಕೆ ಹೀಗಾಗುತ್ತದೆ: ಕಂಪ್ಯೂಟರ್ ಬೇಕೋ, ಇಂಗ್ಲಿಷ್ ಬೇಕೋ? ಇಂಗ್ಲಿಷ್ ಇಲ್ಲದ ಕಂಪ್ಯೂಟರ್ ಕಲಿಕೆ ಎಷ್ಟು ದೂರ ಹೋದೀತು? ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಮಕ್ಕಳನ್ನೂ ನೆನೆಯೋಣ. ಕೊಂಕಣಿ, ಮರಾಠಿ, ಉರ್ದು, ಕನ್ನಡ ಬೆರೆತ ಮನೆಗಳಿಂದ ಬರುವ ಆ ಮಕ್ಕಳಿಗೆ ಪುಸ್ತಕದ ಭಾಷೆ ಯಾವುದೇ ಆದರೂ ಸಿಗುವುದು ಶಾಲೆಯಲ್ಲಿ ಮಾತ್ರ. ಉಳ್ಳವರ ಮಗು ಬಿಟ್ಟ ಭಾಷೆಯನ್ನು ಟ್ಯೂಶನ್ನಿನಲ್ಲಿ ಹಿಡಿಯುತ್ತದೆ. ಈ ಮಕ್ಕಳು ಶಾಲೆಯಲ್ಲಿ ಬಿಟ್ಟದ್ದನ್ನು ಮತ್ತೆಲ್ಲಿ ಹಿಡಿಯಬೇಕು?

ಭಾಷೆಯೂ ಕಸುಬೂ ಬೇರೆಬೇರೆ ಎಂಬ ನಂಬಿಕೆಯೇ ತಪ್ಪು ಎಂಬುದಕ್ಕೆ ಶಿರಸಿ ಸೀಮೆಯ ಅಡಿಕೆ ತೋಟವೇ ಸಾಕ್ಷಿ. ಮಳೆಗಾಲದಲ್ಲಿ ಮರ ಹತ್ತಿ ಕೊಳೆರೋಗಕ್ಕೆ ಮದ್ದು ಹೊಡೆಯುವ ಕೊನೆಗೌಡನ ಕೈಚಳಕ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಓದು ಬಲ್ಲವರ ಮೂಲಕವೇ ತೋಟಕ್ಕೆ ಬಂದದ್ದು. 1923ರಲ್ಲಿ ಶಿರಸಿಯಲ್ಲಿ ತೋಟಗಾರ‍್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿದಾಗ ಬೆಳೆಗಾರರಿಗೆ ಅಡಿಕೆ ಸುಲಿಯುವುದು, ಬೇಯಿಸುವುದು ಮೊದಲೇ ಗೊತ್ತಿತ್ತು. ಸಂಘ ನಡೆಸಲು ಬೇಕಾದದ್ದು ನಿಯಮ ಬರೆಯುವ, ಲೆಕ್ಕಪುಸ್ತಕ ಓದುವ, ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವ ಶಕ್ತಿ. ಕೈಕೆಲಸ ಅನ್ನ ಕೊಡುತ್ತದೆ. ಆ ಅನ್ನದ ಬೆಲೆಯನ್ನು ಕೇಳಿ ಪಡೆಯಲು ಭಾಷೆ ಬೇಕು. ಭಾಷೆಯಿಲ್ಲದ ಕಸುಬುದಾರ ಕೊನೆಯವರೆಗೂ ಇನ್ನೊಬ್ಬರ ಕೂಲಿ.

ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿಯಲ್ಲಿ ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿದೆ. ಮೂರನೆಯ ಭಾಷೆಯ ಸ್ಥಾನ ತೆರವಾದರೆ ಅಲ್ಲಿಗೆ ಕಸುಬು ಎಲ್ಲರಿಗೂ ಬರಬಹುದು. ಆಗ ಮೆಟ್ಟಿಲು ಹತ್ತಲಾರದ ಮಕ್ಕಳಿಗೆ ಮಾತ್ರ ವೃತ್ತಿ ವಿಷಯ ಎಂಬ ಕಳಂಕವೂ ಹೋಗಬಹುದು. ಆದರೆ ಅದೇ ಹೊತ್ತಿನಲ್ಲಿ ಮನೆಮಾತು ಬೇರೆಯಾದ ಮಕ್ಕಳಿಗೆ ಉರ್ದುವೂ ಕನ್ನಡವೂ ಇಂಗ್ಲಿಷೂ ಹೇಗೆ ಸಿಗಬೇಕೆಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಬೇಕು. ಉತ್ತರವಿಲ್ಲದೆ ಪೀರಿಯಡ್ಡು ಮಾತ್ರ ಬದಲಾದರೆ ಹಂಟರ್ ಕಾಲದ ಎರಡು ದಾರಿಗಳೇ ಹೊಸ ಬೋರ್ಡು ಹಾಕಿಕೊಂಡು ನಿಲ್ಲುತ್ತವೆ.

ಇಸಳೂರಿನ ಆ ಅಪ್ಪನೂ ಸರಿ, ಮಾವನೂ ಸರಿ. ತಪ್ಪಿರುವುದು ಅವರಿಬ್ಬರಲ್ಲಿ ಒಬ್ಬರ ಮಾತನ್ನು ಮಾತ್ರ ಕೇಳು ಎಂದು ಮಗುವಿಗೆ ಹೇಳುವ ವ್ಯವಸ್ಥೆಯಲ್ಲಿ. ಮಗುವಿಗೆ ಎರಡು ಕೈಗಳಿವೆ, ಒಂದು ನಾಲಿಗೆಯಿದೆ. ಒಂದಕ್ಕಾಗಿ ಇನ್ನೊಂದನ್ನು ಅಡವಿಡು ಎಂದು ಕೇಳುವ ಹಕ್ಕು ಶಾಲೆಗೆ ಇರಬಾರದು. ಸುಮಾರು ತೊಂಬತ್ತು ವರ್ಷಗಳ ಹಿಂದೆ ಝಾಕಿರ್ ಹುಸೇನ್ ಸಮಿತಿ ಬರೆದ ವೇಳಾಪಟ್ಟಿಯ ಲೆಕ್ಕ ಇಂದಿಗೆ ಹೊಂದದಿರಬಹುದು. ಅದರ ಹಿಂದಿದ್ದ ನ್ಯಾಯ ಮಾತ್ರ ಹೊಂದುತ್ತದೆ.