ಬಾಗ್ದಾದಿನ ಧರ್ಮಶಾಸ್ತ್ರಿಯೊಬ್ಬನ ಪ್ರೇಮ

ಅರೇಬಿಯನ್ ನೈಟ್ಸ್ ಕಥೆಗಳಲ್ಲಿ ಹಾರೂನ್ ಅಲ್ ರಶೀದನ ಜೊತೆಗೆ ಆಗಾಗ ಬಂದುಹೋಗುವ ವಿನೋದಗಾರ ಅಬು ನುವಾಸ್ ಬರಿಯ ಕಟ್ಟುಕಥೆಯ ಪಾತ್ರವಲ್ಲ. ಎಂಟನೆಯ ಶತಮಾನದ ಉತ್ತರಾರ್ಧದಲ್ಲಿ ಬಾಗ್ದಾದಿನಲ್ಲಿ ಬಾಳಿದ ನಿಜವಾದ ಕವಿ. ಮದ್ಯವನ್ನೂ ಚೆಲುವ ತರುಣರನ್ನೂ ಹೊಗಳಿ ಅವನು ಬರೆದ ಪದ್ಯಗಳನ್ನು ಅರಬ್ಬೀ ಪಂಡಿತರು ಆದರದಿಂದ ಸಂಗ್ರಹಿಸಿ ಉಳಿಸಿದರು. ಪುರುಷರೊಳಗಿನ ಸಂಗ ಘೋರ ಪಾಪವೆಂದು ಧರ್ಮವೇ ಸಾರಿದ್ದ ಸಮಾಜದಲ್ಲಿ ಇದು ಹೇಗೆ ನಡೆಯಿತು?

ಪ್ರವಾದಿ ಲೂತರ ಜನರು ನಾಶವಾದ ಕಥೆ ಕುರಾನಿನಲ್ಲಿದೆ. ಪಾಪವೆಂಬುದರಲ್ಲಿ ಶಾಸ್ತ್ರಕಾರರಿಗೆ ಸಂಶಯವಿರಲಿಲ್ಲ. ಶಿಕ್ಷೆಯ ವಿಷಯದಲ್ಲಿ ಮಾತ್ರ ಒಮ್ಮತವಿರಲಿಲ್ಲ. ಮಾಲಿಕೀ ಪಂಥದವರು ಕಲ್ಲೆಸೆದು ಕೊಲ್ಲಬೇಕೆಂದರು. ಶಾಫಿಗಳಲ್ಲಿ ಬಹುಮಂದಿ ವ್ಯಭಿಚಾರಕ್ಕೆ ಸಮಾನವೆಂದರು. ಆಗ ನಾಲ್ವರು ಪ್ರತ್ಯಕ್ಷ ಸಾಕ್ಷಿಗಳು ಬೇಕು. ನಿಯತ ಶಿಕ್ಷೆಯಿಲ್ಲ, ನ್ಯಾಯಾಧೀಶನ ವಿವೇಚನೆಗೆ ಬಿಟ್ಟದ್ದು ಎಂದವನು ಅಬು ಹನೀಫಾ. ಇಷ್ಟೆಲ್ಲ ಚರ್ಚೆಯೂ ಕೃತ್ಯದ ಬಗ್ಗೆ. ಮನಸ್ಸು ಸೋತದ್ದೇ ಅಪರಾಧವೆಂದು ಕಾನೂನು ಹೇಳಲಿಲ್ಲ.

ಈ ಅಂತರದಲ್ಲಿ ಬದುಕಿದವನು ಇಬ್ನ್ ದಾವೂದ್. ಜಾಹಿರೀ ಎಂಬ ಕಟ್ಟುನಿಟ್ಟಿನ ಪಂಥದ ಸ್ಥಾಪಕನ ಮಗ. 884ರಲ್ಲಿ ತಂದೆ ತೀರಿಕೊಂಡಾಗ ಹದಿಹರೆಯದಲ್ಲೇ ಆ ಪೀಠಕ್ಕೆ ಬಂದ. ಪ್ರೇಮಕಾವ್ಯದ ಒಂದು ದೊಡ್ಡ ಸಂಕಲನವನ್ನೂ ಮಾಡಿದ. ಅವನು ಒಲಿದದ್ದು ಮಹಮ್ಮದ್ ಇಬ್ನ್ ಜಾಮಿ ಎಂಬ ಗೆಳೆಯನಿಗೆ. 909ರಲ್ಲಿ ಮರಣಶಯ್ಯೆಯಲ್ಲಿದ್ದಾಗ, ಈ ಪ್ರೇಮವೇ ತನ್ನನ್ನು ಈ ಗತಿಗೆ ತಂದಿತೆಂದೂ, ಆದರೂ ನಿಷಿದ್ಧವಾದುದನ್ನು ಮುಟ್ಟಲಿಲ್ಲವೆಂದೂ ಸ್ನೇಹಿತನೊಡನೆ ಹೇಳಿಕೊಂಡನೆಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. ಪ್ರೇಮಿಸಿ, ಅದನ್ನು ಬಚ್ಚಿಟ್ಟು, ಶುದ್ಧನಾಗಿ ಸತ್ತವನು ಹುತಾತ್ಮನೆಂಬ ಪ್ರವಾದಿವಚನವೊಂದನ್ನು ಅವನು ನೆಚ್ಚಿದ್ದ. ಈ ವಚನ ಸಾಚಾ ಅಲ್ಲವೆಂದು ಹದಿನಾಲ್ಕನೆಯ ಶತಮಾನದ ಇಬ್ನ್ ಅಲ್ ಕಯ್ಯಿಮ್ ವಾದಿಸಿದ. ಅವನಂಥ ಹನ್ಬಲೀ ಪಂಡಿತರಿಗೆ ಚೆಲುವನನ್ನು ದಿಟ್ಟಿಸಿ ನೋಡುವುದೂ ಅಪಾಯವೇ.

ದೂರದ ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿದ ಇಬ್ನ್ ಹಜ್ಮ್ (994-1064) ಕೂಡ ಇದೇ ಜಾಹಿರೀ ಪಂಥದವನು. ಅವನ ‘ಪಾರಿವಾಳದ ಕಂಠಹಾರ’ ಎಂಬ ಪ್ರೇಮಗ್ರಂಥದಲ್ಲಿ ಹೆಣ್ಣಿಗೆ ಸೋತವರ ಪಕ್ಕದಲ್ಲೇ ಗಂಡಿಗೆ ಸೋತ ಗಂಡಸರ ಪ್ರಸಂಗಗಳೂ ಇವೆ. ಧಾಟಿ ಎರಡಕ್ಕೂ ಒಂದೇ. ಕೊನೆಗೆ ಪಾಪದ ಖಂಡನೆ, ಸಂಯಮದ ಹೊಗಳಿಕೆ. ಶಿಕ್ಷೆಯ ಪ್ರಶ್ನೆ ಬಂದಾಗ ಹತ್ತು ಛಡಿಯೇಟಿಗಿಂತ ಹೆಚ್ಚು ಸಲ್ಲದೆಂದ.

ಇದನ್ನು ಸುವರ್ಣಯುಗವೆಂದು ಬಣ್ಣಿಸಲು ನನಗೆ ಮನಸ್ಸಿಲ್ಲ. ಕವಿಗಳು ಹಾಡಿದ ತರುಣರಲ್ಲಿ ಎಳೆಯ ಹುಡುಗರೂ ಇದ್ದರು, ಗುಲಾಮರೂ ಇದ್ದರು; ಒಲ್ಲೆ ಎನ್ನುವ ಸ್ವಾತಂತ್ರ್ಯ ಅವರಿಗೆಲ್ಲಿತ್ತು? ಅವರ ಮಾತು ಯಾವ ಪದ್ಯದಲ್ಲೂ ಕೇಳಿಸುವುದಿಲ್ಲ.

ಈ ಕಾವ್ಯಪದ್ಧತಿ ಸಾವಿರ ವರ್ಷ ನಡೆಯಿತು. 1826ರಲ್ಲಿ ಈಜಿಪ್ಟಿನಿಂದ ಪ್ಯಾರಿಸಿಗೆ ಹೋದ ಅಲ್ ತಹ್ತಾವಿ ಎಂಬ ಪಂಡಿತ ಐದು ವರ್ಷ ಅಲ್ಲಿದ್ದು, ತನ್ನ ಪ್ರವಾಸಕಥನವನ್ನು 1834ರಲ್ಲಿ ಅಚ್ಚುಹಾಕಿಸಿದ. ಫ್ರೆಂಚರು ಇಂಥ ಪದ್ಯಗಳನ್ನು ಅನುವಾದಿಸುವಾಗ ‘ತರುಣ’ನ ಜಾಗದಲ್ಲಿ ‘ತರುಣಿ’ಯನ್ನು ತರುತ್ತಾರೆಂದು ಅದರಲ್ಲಿ ಬರೆದು, ಮೆಚ್ಚಿಕೊಂಡ. ಆ ಶತಮಾನ ಮುಗಿಯುವ ಹೊತ್ತಿಗೆ ಅರಬ್ಬೀ ಲೇಖಕರೇ ತಮ್ಮ ಹಳೆಯ ಕವಿಗಳ ಬಗ್ಗೆ ನಾಚತೊಡಗಿದ್ದರು.