ಕೊರೆಯುವ ಉಕ್ಕಿನ ವೇಗ ಮತ್ತು ತುತ್ತು

ಅಘನಾಶಿನಿ ನದಿ ಘಟ್ಟವಿಳಿದು ಬಂದು ಅರಬ್ಬೀ ಸಮುದ್ರವನ್ನು ಸೇರುವಲ್ಲಿ, ಅದರ ಬಲದಂಡೆಯ ಮೇಲೆ ತದಡಿ ಎಂಬ ಊರಿದೆ. ಗೋಕರ್ಣಕ್ಕೆ ಬರುವ ಯಾತ್ರಿಕರಲ್ಲಿ ಇತ್ತ ಹೊರಳುವವರು ಕಡಿಮೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆಗ ದೋಣಿಗಳೆಲ್ಲ ದಡದಲ್ಲಿ ನಿಂತು ಚಿಕಿತ್ಸೆ ಮಾಡಿಸಿಕೊಳ್ಳುತ್ತವೆ. ಅಂತಹ ಒಂದು ಮಳೆಗಾಲದ ದಿನ, ಆಚೆ ದಡಕ್ಕೆ ದಾಟುವ ದೋಣಿಯನ್ನು ಕಾಯುತ್ತ, ಮಳೆ ಜೋರಾದ್ದರಿಂದ ಒಂದು ಸಣ್ಣ ವರ್ಕ್‌ಶಾಪಿನ ಮಾಡಿನ ಕೆಳಗೆ ಹೋಗಿ ನಿಂತೆ.

ಒಳಗೆ ಹುಡುಗನೊಬ್ಬ ತುಕ್ಕು ಹಿಡಿಯದ ಸ್ಟೀಲಿನ ತಗಡಿಗೆ ಡ್ರಿಲ್ಲಿನಿಂದ ತೂತು ಕೊರೆಯುತ್ತಿದ್ದ. ಕೊರೆಯುತ್ತಿದ್ದ ಎನ್ನುವುದಕ್ಕಿಂತ ಉಜ್ಜುತ್ತಿದ್ದ ಎನ್ನಬೇಕು. ಡ್ರಿಲ್ಲು ಕಿರುಚಿತು, ಹೊಗೆಯಾಡಿತು, ಅದರ ಮೊನೆ ನೀಲಿಯಾಯಿತು. ತಗಡಿನ ಮೇಲೆ ಕನ್ನಡಿಯಂತೆ ಹೊಳೆಯುವ ಒಂದು ಗುಳಿ ಮಾತ್ರ ಉಳಿಯಿತು. ವಯಸ್ಸಾದ ಮೇಸ್ತ್ರಿ ಎದ್ದು ಬಂದು, ಬೆಲ್ಟನ್ನು ದೊಡ್ಡ ಪುಲ್ಲಿಗೆ ದಾಟಿಸಿ ವೇಗ ತಗ್ಗಿಸಿದರು. ಹೊಸ ಡ್ರಿಲ್ಲನ್ನು ಹಾಕಿ, ನಾಲ್ಕು ಹನಿ ಎಣ್ಣೆ ಬಿಟ್ಟು, ಹಿಡಿಕೆಯನ್ನು ಬಲವಾಗಿ ಒತ್ತಿದರು. ಲೋಹ ಸುರುಳಿ ಸುರುಳಿಯಾಗಿ ಎದ್ದು ಬಂತು. “ತಮಾ, ಹೆದರ್ಕೊಂಡು ಒತ್ಬೇಡ. ಹೆದರಿದ್ರೆ ಅದು ಕಲ್ಲಾಗ್ತದೆ” ಎಂದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನಾನು ಕನ್ನಡ ಪಾಠ ಹೇಳುವವನು. ಲೋಹದ ವಿಷಯ ನನ್ನದಲ್ಲ. ಆದರೆ ಹೆದರಿ ಒತ್ತಿದರೆ ಉಕ್ಕು ಕಲ್ಲಾಗುವುದು ಹೇಗೆ? ಕೇಳಿ, ಓದಿ ತಿಳಿದುಕೊಂಡ ಮೇಲೆ, ಇದರ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇರುವುದು ಕಂಡಿತು.

ಮೊದಲು ವಿಷಯವನ್ನಿಷ್ಟು ಬಿಡಿಸಿ ಹೇಳಬೇಕು. ತಿರುಗುವ ಆಯುಧದಿಂದ ಲೋಹವನ್ನು ಕೊಯ್ಯುವವನು ಎರಡು ಸಂಗತಿಗಳನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಒಂದು ವೇಗ, ಇನ್ನೊಂದು, ಪ್ರತಿ ಸುತ್ತಿಗೆ ಆಯುಧವು ಎಷ್ಟು ಮುಂದೆ ಸರಿಯಬೇಕು ಎಂಬುದು. ಎರಡನೆಯದನ್ನು ಕಾರ್ಖಾನೆಯವರು ‘ಫೀಡ್’ ಎನ್ನುತ್ತಾರೆ. ಉಣಿಸುವುದೆಂದು ಅದರ ಅರ್ಥ. ನಾವು ‘ತುತ್ತು’ ಎನ್ನಬಹುದು. ವೇಗವೆಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದಷ್ಟೇ ಆಗಲಾರದು. ಗಾಣದ ಎತ್ತು ನೊಗದ ತುದಿಯಲ್ಲಿದ್ದಷ್ಟೂ ಹೆಚ್ಚು ದೂರ ನಡೆಯಬೇಕು ತಾನೆ? ಹಾಗೆಯೇ ದಪ್ಪ ಡ್ರಿಲ್ಲಿನ ಅಂಚು ಒಂದು ಸುತ್ತಿನಲ್ಲಿ ಹೆಚ್ಚು ದೂರ ಓಡುತ್ತದೆ. ಮೆದು ಉಕ್ಕಿನ ಮೇಲೆ ಆ ಅಂಚು ನಿಮಿಷಕ್ಕೆ ಸುಮಾರು 30 ಮೀಟರ್ ಓಡಬಹುದು. ಆ ಲೆಕ್ಕದಲ್ಲಿ 10 ಮಿಲಿಮೀಟರಿನ ಡ್ರಿಲ್ಲಿಗೆ ನಿಮಿಷಕ್ಕೆ ಸುಮಾರು 950 ಸುತ್ತು. 20 ಮಿಲಿಮೀಟರಿನದಕ್ಕೆ ಅದರ ಅರ್ಧ. ತುಕ್ಕು ಹಿಡಿಯದ ಉಕ್ಕಿಗಾದರೆ 12 ಮೀಟರ್ ಸಾಕು. ಆಗ 10 ಮಿಲಿಮೀಟರಿನ ಡ್ರಿಲ್ಲು 380 ಸುತ್ತು ಮೀರಬಾರದು. ತುತ್ತು ಸುತ್ತಿಗೆ ಒಂದೂವರೆ ದಶಾಂಶ ಮಿಲಿಮೀಟರ್, ಅಂದರೆ 0.15ರಷ್ಟಾದರೂ ಇರಬೇಕು. ಅದಕ್ಕಿಂತ ತೀರ ಕಡಿಮೆಯಾದರೆ ಅಂಚು ಕೊಯ್ಯದೆ ಉಜ್ಜುತ್ತದೆ. ಈ ಜಾತಿಯ ಉಕ್ಕು ಉಜ್ಜಿದಷ್ಟೂ ಗಡುಸಾಗುತ್ತದೆ. ಮೇಸ್ತ್ರಿಯ ಮಾತು ಅಕ್ಷರಶಃ ನಿಜವಾಗಿತ್ತು.

ಉಜ್ಜಿದರೆ ಕಾವು ಹುಟ್ಟುತ್ತದೆ ಎಂಬುದು ವಿದ್ವಾಂಸರ ಗಮನವನ್ನು ಸೆಳೆದದ್ದೂ ಇಂತಹ ಒಂದು ಕೊರೆತದಿಂದಲೇ. ಕೌಂಟ್ ರಂಫರ್ಡ್ ಎಂಬಾತ ಮ್ಯೂನಿಕ್ ನಗರದ ಶಸ್ತ್ರಾಗಾರದಲ್ಲಿ ಮೊಂಡು ಬೈರಿಗೆಯೊಂದನ್ನು ಫಿರಂಗಿಯ ಲೋಹಕ್ಕೆ ಒತ್ತಿ, ಕುದುರೆಗಳ ಬಲದಿಂದ ತಿರುಗಿಸಿ, ಸುತ್ತಲಿದ್ದ ನೀರನ್ನು ಬೆಂಕಿಯಿಲ್ಲದೆ ಎರಡೂವರೆ ಗಂಟೆಯಲ್ಲಿ ಕುದಿಸಿದ. ಅದರ ವರದಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂದದ್ದು 1798ರಲ್ಲಿ. ನೀರನ್ನು ಕುದಿಸುವ ಕಾವು ಆಯುಧದ ಮೊನೆಯನ್ನು ಬಿಟ್ಟೀತೆ? ಅಂದಿನ ಇಂಗಾಲದ ಉಕ್ಕಿನ ಆಯುಧಗಳು ಇನ್ನೂರು ಇನ್ನೂರೈವತ್ತು ಡಿಗ್ರಿಯ ಕಾವಿಗೇ ತಮ್ಮ ಗಡಸುತನವನ್ನು ಕಳೆದುಕೊಳ್ಳುತ್ತಿದ್ದುವು. ಆದ್ದರಿಂದ ಕಾರ್ಖಾನೆಗಳಲ್ಲಿ ಯಂತ್ರ ನಿಧಾನ, ಕೆಲಸವೂ ನಿಧಾನ. ಎಷ್ಟು ವೇಗ, ಎಷ್ಟು ತುತ್ತು ಎಂಬುದು ಕೆಲಸಗಾರನ ಕಿವಿಗೆ, ಕಣ್ಣಿಗೆ, ಅಂಗೈಗೆ ಬಿಟ್ಟ ವಿಷಯವಾಗಿತ್ತು. ತಂದೆ ಮಗನಿಗೆ, ಗುರು ಶಿಷ್ಯನಿಗೆ ಅದನ್ನು ಕೆಲಸದ ನಡುವೆಯೇ ಕೊಟ್ಟುಹೋಗುತ್ತಿದ್ದರು.

ಈ ಗುಟ್ಟನ್ನು ಕಾಗದಕ್ಕಿಳಿಸಹೊರಟವನು ಅಮೆರಿಕದ ಫ್ರೆಡರಿಕ್ ವಿನ್‌ಸ್ಲೋ ಟೇಲರ್. ಆತ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಮೇಲೆ ಬಂದವನು. ಯಾವ ಆಯುಧ, ಎಷ್ಟು ವೇಗ, ಎಷ್ಟು ತುತ್ತು ಎಂಬ ಮೂರು ಪ್ರಶ್ನೆಗಳಿಗೆ ಆರು ತಿಂಗಳಲ್ಲಿ ಉತ್ತರ ಸಿಕ್ಕೀತೆಂದು ನಂಬಿ ಪ್ರಯೋಗಕ್ಕೆ ತೊಡಗಿದ. ಮುಗಿಸಲು ಇಪ್ಪತ್ತಾರು ವರ್ಷ ಹಿಡಿಯಿತು. ಅಷ್ಟರಲ್ಲಿ ಪ್ರಯೋಗಗಳ ಸಂಖ್ಯೆ 30,000ವನ್ನು ದಾಟಿತ್ತು. 8,00,000 ಪೌಂಡಿಗೂ ಮಿಕ್ಕಿದ ಕಬ್ಬಿಣ, ಉಕ್ಕು ಸುರುಳಿಯಾಗಿ ಉದುರಿತ್ತು. ಕೊಯ್ಯುವಲ್ಲಿಗೆ ನೀರಿನ ಧಾರೆ ಬಿಟ್ಟರೆ ವೇಗವನ್ನು ಶೇಕಡಾ ನಲವತ್ತರವರೆಗೆ ಹೆಚ್ಚಿಸಬಹುದೆಂದು ಆತ ಕಂಡುಕೊಂಡ. ಲೋಹಶಾಸ್ತ್ರಜ್ಞ ಮೌನ್ಸೆಲ್ ವೈಟ್ ಜೊತೆಗೂಡಿ, ಕೆಂಪಗೆ ಕಾದರೂ ಮೊನೆ ಕೆಡದ ‘ಹೈಸ್ಪೀಡ್’ ಉಕ್ಕನ್ನು ಹದಮಾಡಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ನೋಡಿದ ಯುರೋಪಿನ ಎಂಜಿನಿಯರರು ಬೆರಗಾದರು. 1906ರಲ್ಲಿ ಟೇಲರ್ ತನ್ನ ಫಲಿತಾಂಶವನ್ನೆಲ್ಲ ಬೃಹತ್ ಪ್ರಬಂಧವಾಗಿ ಮಂಡಿಸಿದ.

ಅದರ ತಿರುಳು ಇದು: ವೇಗವು ಆಯುಧದ ಆಯುಷ್ಯವನ್ನು ಭಯಂಕರವಾಗಿ ತಿನ್ನುತ್ತದೆ, ತುತ್ತು ಅಷ್ಟಾಗಿ ತಿನ್ನುವುದಿಲ್ಲ. ಹೈಸ್ಪೀಡ್ ಉಕ್ಕಿನ ಆಯುಧದ ವೇಗವನ್ನು ಐದರಲ್ಲೊಂದು ಪಾಲು ಏರಿಸಿದರೆ ಅದರ ಬಾಳಿಕೆ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಅವಸರಪಡುವವನು ವೇಗವನ್ನು ಏರಿಸುತ್ತಾನೆ, ಬಲ್ಲವನು ತುತ್ತನ್ನು ಹಿರಿದು ಮಾಡುತ್ತಾನೆ.

ಈ ಸಾಧನೆಗೆ ಇನ್ನೊಂದು ಮುಖವೂ ಇದೆ. ಕಾರ್ಲ್ ಬಾರ್ತ್ ಎಂಬ ಸಹಾಯಕ ಈ ಲೆಕ್ಕಗಳನ್ನೆಲ್ಲ ಜಾರುಪಟ್ಟಿಗೆ ಇಳಿಸಿಕೊಟ್ಟ ಮೇಲೆ, ವೇಗ ಮತ್ತು ತುತ್ತನ್ನು ಗೊತ್ತುಮಾಡುವ ಅಧಿಕಾರ ಯಂತ್ರದ ಪಕ್ಕದಿಂದ ಕಚೇರಿಯ ಮೇಜಿಗೆ ಹೋಯಿತು. ಕೆಲಸಗಾರನ ಪಾಲಿಗೆ ಉಳಿದದ್ದು ಚೀಟಿಯಲ್ಲಿ ಬರೆದಂತೆ ನಡೆಯುವುದು. ಬೆನ್ನ ಹಿಂದೆ ಗಡಿಯಾರ ಹಿಡಿದವನೊಬ್ಬ. 1911ರ ಆಗಸ್ಟಿನಲ್ಲಿ ವಾಟರ್‌ಟೌನ್ ಶಸ್ತ್ರಾಗಾರದ ಎರಕದ ಕೆಲಸಗಾರರು ಈ ಗಡಿಯಾರವನ್ನು ವಿರೋಧಿಸಿ ಹೊರನಡೆದರು. ಅಮೆರಿಕದ ಸಂಸತ್ತು ವಿಚಾರಣೆಗೆ ಸಮಿತಿಯನ್ನು ನೇಮಿಸಬೇಕಾಯಿತು. ವಿದ್ಯೆ ಬೆಳೆಯಿತು, ನಿಜ. ಅದು ಯಾರ ಕೈಯಿಂದ ಬಂದಿತ್ತೋ ಅವರ ಕೈ ಬರಿದಾಯಿತು ಎಂಬುದೂ ಅಷ್ಟೇ ನಿಜ.

ಈ ವಿದ್ಯೆ ನಮ್ಮ ನಾಡಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಕಾರ್ಖಾನೆಗಳ ಮೂಲಕ. 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ ಲೇತುಗಳನ್ನು ತಯಾರಿಸತೊಡಗಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಹುಟ್ಟಿತು. ನಾವು ಅದನ್ನು ನೆನೆಯುವುದು ಕೈಗಡಿಯಾರದಿಂದ; ಅದರ ಮೊದಲ ಕಸುಬು ಲೇತು. 1962ರಲ್ಲಿ ಚೆಕೊಸ್ಲೊವಾಕಿಯದ ನೆರವಿನೊಂದಿಗೆ ಬೆಂಗಳೂರಿನಲ್ಲೇ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಆರಂಭವಾಯಿತು. ಅದು ಹೊರತಂದ ಕೈಪಿಡಿ ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಲ್ಲಿದೆ. ಹರಿಹರದ ಆ ಕಾರ್ಖಾನೆ ಇಂದು ಇಲ್ಲ. ಆದರೆ ಅಲ್ಲಿ ಕೆಲಸ ಕಲಿತವರ ಕೈಗಳು ಊರೂರಿಗೆ ಹೋದುವು.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ಕೈಪಿಡಿ ಇಂಗ್ಲಿಷಿನಲ್ಲಿದೆ, ಲೇತಿನ ಮೈಮೇಲಿನ ಫಲಕವೂ ಇಂಗ್ಲಿಷಿನಲ್ಲೇ. ಅಮೆರಿಕದಲ್ಲಿ ವಿದ್ಯೆಯನ್ನು ಕಚೇರಿ ಒಯ್ದಿತು. ನಮ್ಮಲ್ಲಿ ಭಾಷೆಯೂ ಸೇರಿಕೊಂಡು ಅದನ್ನು ಇನ್ನಷ್ಟು ದೂರ ಒಯ್ದಿದೆ. ತದಡಿಯ ಹುಡುಗನಿಗೆ ಇರುವ ಪಾಠಶಾಲೆ ಆ ಮೇಸ್ತ್ರಿ ಒಬ್ಬರೇ. ಅವರು ಅಂಕಿಗಳನ್ನು ಹೇಳಲಾರರು, ಅಂಕಿಗಳ ಪುಸ್ತಕಕ್ಕೆ ಅವರ ಕಿವಿಯಿಲ್ಲ. ಆಗಸ್ಟ್ ಒಂದಕ್ಕೆ ದೋಣಿ ನೀರಿಗಿಳಿಯಬೇಕು. ಸುಟ್ಟ ಡ್ರಿಲ್ಲು, ಕೆಟ್ಟ ತಗಡು, ತಪ್ಪಿದ ದಿನ, ಎಲ್ಲವೂ ಬಡವರ ಗಂಟಿನಿಂದ ಹೋಗತಕ್ಕವು.

ಕನ್ನಡದಲ್ಲಿ ಕಾವ್ಯಮೀಮಾಂಸೆಯನ್ನು ಬರೆದಿದ್ದೇವೆ, ಬರೆಯುತ್ತಲೂ ಇದ್ದೇವೆ. ಎಂಟು ಪುಟಗಳ ಒಂದು ಪುಸ್ತಿಕೆ, ಯಾವ ಲೋಹಕ್ಕೆ ಎಷ್ಟು ವೇಗ, ಎಷ್ಟು ತುತ್ತು, ಸುರುಳಿ ಯಾವ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಬೇಕು ಎಂದು ಮೇಸ್ತ್ರಿಗಳನ್ನು ಕೇಳಿ ಬರೆದದ್ದು, ನಮ್ಮಿಂದ ಆಗದ ಕೆಲಸವೇನಲ್ಲ.

ದೋಣಿ ಬಂತೆಂದು ಯಾರೋ ಕೂಗಿದರು. ನಾನು ಹೊರಡುವಾಗ ಹುಡುಗ ಎರಡನೆಯ ತೂತಿಗೆ ತೊಡಗಿದ್ದ. ಈ ಸಲ ಡ್ರಿಲ್ಲು ಕಿರುಚಲಿಲ್ಲ.