ಮನೆಮಂದಿಯ ಫೋನು, ಮನೆಮಂದಿಯ ಶಿಸ್ತು: ಮಕ್ಕಳ ಮೊಬೈಲ್ ಬಳಕೆ ಕುರಿತು ಒಂದು ವಿವೇಚನೆ

ಮಕ್ಕಳ ಮೊಬೈಲ್ ಬಳಕೆಯ ಬಗ್ಗೆ ತಂದೆತಾಯಿಗಳು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಎಷ್ಟನೇ ವಯಸ್ಸಿಗೆ ಕೊಡಬಹುದು? ದಿನಕ್ಕೆ ಎಷ್ಟು ಹೊತ್ತು ಬಿಡಬಹುದು? ಮಕ್ಕಳ ತಜ್ಞರ ಸಲಹೆ, ಶಾಲೆಗಳ ಸುತ್ತೋಲೆ, ಸರ್ಕಾರಗಳು ತರುವ ಕಾನೂನು ಎಲ್ಲವೂ ಬಹುಮಟ್ಟಿಗೆ ಈ ಎರಡಕ್ಕೇ ಉತ್ತರ ಹುಡುಕುತ್ತವೆ. ಮಗುವಿಗೊಂದು ಸ್ವಂತ ಫೋನು ಇದೆ, ಅದನ್ನು ಕೊಡದೇ ಇರಬಹುದು, ಕೊಟ್ಟರೆ ಬಳಕೆಯನ್ನು ಅಳೆಯಬಹುದು ಎಂಬ ಗ್ರಹಿಕೆ ಈ ಪ್ರಶ್ನೆಗಳಲ್ಲಿ ಅಡಗಿದೆ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯ 2024ರ ವರದಿ ಬೇರೆಯೇ ಚಿತ್ರ ಕೊಡುತ್ತದೆ. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬಳಸಬಲ್ಲವರಲ್ಲಿ ಸ್ವಂತ ಫೋನು ಇರುವವರು 14ನೇ ವಯಸ್ಸಿನಲ್ಲಿ ಶೇ 27ರಷ್ಟು. 16ನೇ ವಯಸ್ಸಿನಲ್ಲಿಯೂ ಶೇ 38ರ ಆಸುಪಾಸು. ಉಳಿದವರ ಕೈಗೆ ಸಿಗುವುದು ಅಪ್ಪನದೋ ಅಮ್ಮನದೋ ಅಣ್ಣನದೋ ಫೋನು. ಫೋನು ಮನೆಮಂದಿಯದಾಗಿರುವಲ್ಲಿ ಅದರ ಶಿಸ್ತೂ ಮನೆಮಂದಿಯದಾಗಬೇಕು; ಮಗುವಿನ ಮೇಲಷ್ಟೇ ಹೇರಿದ ನಿಮಿಷಗಳ ಲೆಕ್ಕವಾಗಲಿ ವಯಸ್ಸಿನ ನಿಷೇಧವಾಗಲಿ ಅಲ್ಲಿ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ಹಂಚಿಕೊಂಡ ಫೋನು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಸಾಮಾನ್ಯ ಸಂಜೆಯಲ್ಲೇ ನೋಡಬಹುದು. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಂವರ್ಕ್ ಬಂದಿರುತ್ತದೆ. ಬರೆಯಬೇಕಾದರೆ ಮಗು ಅಮ್ಮನ ಫೋನು ಕೇಳಲೇಬೇಕು, ಅಮ್ಮ ಕೊಡಲೇಬೇಕು. ಲೆಕ್ಕದ ಫೋಟೊ ನೋಡಿ ಬರೆದು ಮುಗಿಸುವಷ್ಟರಲ್ಲಿ ಬೆರಳು ಯೂಟ್ಯೂಬ್ ಶಾರ್ಟ್ಸ್‌ಗೆ ಜಾರಿರುತ್ತದೆ. ಅಲ್ಲಿ ಮೇಲೇರಿ ಬರುವ ವಿಡಿಯೊಗಳು ಹಿಂದಿನ ರಾತ್ರಿ ಮನೆಯ ದೊಡ್ಡವರು ನೋಡಿದ್ದರ ಜಾಡನ್ನೂ ಹಿಡಿದು ಬರುತ್ತವೆ. ಖಾತೆ ದೊಡ್ಡವರ ಹೆಸರಿನದು. ಕಂಪನಿಯ ಲೆಕ್ಕದಲ್ಲಿ ಅದನ್ನು ನೋಡುತ್ತಿರುವುದು ಮೂವತ್ತೈದು ವರ್ಷದ ಹೆಂಗಸು. ಮಕ್ಕಳಿಗೆಂದು ಮಾಡಿರುವ ಸೋಸುವಿಕೆ, ಸಮಯದ ಮಿತಿ, ವಯಸ್ಸಿನ ಎಚ್ಚರಿಕೆ ಯಾವುದೂ ಇಲ್ಲಿ ಅನ್ವಯಿಸುವುದಿಲ್ಲ. ಈ ಸ್ಥಿತಿ ಗಟ್ಟಿಗೊಂಡದ್ದು ಕೋವಿಡ್ ಕಾಲದಲ್ಲಿ. 2020ರಲ್ಲಿ ಕರ್ನಾಟಕ ಸರ್ಕಾರ ಕಿರಿಯ ತರಗತಿಗಳ ಆನ್‌ಲೈನ್ ಪಾಠ ನಿಲ್ಲಿಸಲು ಹೊರಟಾಗ, ಆ ವರ್ಷದ ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಚಂದನ ವಾಹಿನಿಯ ‘ಸಂವೇದ’ ಪಾಠಗಳೂ ‘ವಿದ್ಯಾಗಮ’ ಕಾರ್ಯಕ್ರಮವೂ ಫೋನಿಲ್ಲದ ಮಕ್ಕಳನ್ನು ತಲುಪಲು ಯತ್ನಿಸಿದವು. ಶಾಲೆಗಳು ಮತ್ತೆ ತೆರೆದವು. ಮನೆಪಾಠದ ದಾರಿಯಾಗಿ ಒಳಬಂದ ಫೋನು ಮಾತ್ರ ಅಲ್ಲೇ ಉಳಿಯಿತು.

ನಿಮಿಷಗಳ ಲೆಕ್ಕಕ್ಕೆ ಬೆಲೆಯೇ ಇಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಒಂದು ವರ್ಷದೊಳಗಿನ ಶಿಶುವಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಎರಡು ವರ್ಷದವರೆಗೆ ಪರದೆ ಬೇಡ ಎನ್ನುತ್ತದೆ. ಮಾತು ಕಲಿಯುವ ವಯಸ್ಸಿನಲ್ಲಿ ಎದುರಿಗಿರುವ ಮನುಷ್ಯರ ಮುಖಕ್ಕೆ ಬದಲಿಯಿಲ್ಲ. ಆದ್ದರಿಂದ ಈ ಮಿತಿಗಳಲ್ಲಿ ಸಡಿಲಿಕೆ ಸಲ್ಲದು. ಹದಿಹರೆಯಕ್ಕೆ ಬಂದಾಗ ಮಾತ್ರ ಗಂಟೆಗಳ ಲೆಕ್ಕ ನಮಗೆ ಹೆಚ್ಚೇನೂ ಹೇಳುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ದೊಡ್ಡ ಮಕ್ಕಳಿಗೆ ಹೇಳುತ್ತಿದ್ದ ಎರಡು ಗಂಟೆಯ ಸಾರ್ವತ್ರಿಕ ಮಿತಿಯನ್ನು 2016ರಲ್ಲಿ ಕೈಬಿಟ್ಟು, ಪ್ರತಿ ಕುಟುಂಬವೂ ತನ್ನದೇ ಯೋಜನೆ ಮಾಡಿಕೊಳ್ಳಲಿ ಎಂದಿತು. ಸಂಶೋಧಕರಾದ ಏಮಿ ಆರ್ಬೆನ್ ಮತ್ತು ಆ್ಯಂಡ್ರೂ ಶಿಬಿಲ್ಸ್ಕಿ 2019ರಲ್ಲಿ ಬೃಹತ್ ಸಮೀಕ್ಷೆಗಳ ದತ್ತಾಂಶ ವಿಶ್ಲೇಷಿಸಿದಾಗ, ಹದಿಹರೆಯದವರ ನೆಮ್ಮದಿಯಲ್ಲಿನ ವ್ಯತ್ಯಾಸದಲ್ಲಿ ತಂತ್ರಜ್ಞಾನ ಬಳಕೆಯಿಂದ ವಿವರಿಸಬಹುದಾದದ್ದು ಹೆಚ್ಚೆಂದರೆ ಶೇ 0.4 ಎಂದು ಕಂಡಿತು. ಅಪಾಯವೇ ಇಲ್ಲ ಎಂಬುದಕ್ಕೆ ಇದನ್ನು ಪುರಾವೆ ಮಾಡಿಕೊಳ್ಳುವಂತಿಲ್ಲ. ಅಕ್ಕನೊಡನೆ ಮಾತಾಡಿದ ಗಂಟೆಯನ್ನೂ ನಿದ್ದೆಗೆಟ್ಟು ರೀಲ್ಸ್ ನೋಡಿದ ಗಂಟೆಯನ್ನೂ ಒಂದೇ ಅಂಕಣದಲ್ಲಿ ಕೂಡಿಸಿದರೆ ಹಾನಿ ಎಲ್ಲಿದೆ ಎಂಬುದು ಕಾಣದೆ ಹೋಗುತ್ತದೆ.

ಹಾನಿ ಸ್ಪಷ್ಟವಾಗಿ ಕಾಣುವುದು ಫೋನು ಬೇರೆ ಯಾವುದರ ಜಾಗವನ್ನು ಕಿತ್ತುಕೊಳ್ಳುತ್ತದೆ ಎಂದು ನೋಡಿದಾಗ. ನಿದ್ದೆಯ ವಿಷಯದಲ್ಲಿ ಪುರಾವೆ ಬಲವಾಗಿದೆ. 20 ಅಧ್ಯಯನಗಳ, ಒಟ್ಟು 1,25,198 ಮಕ್ಕಳ ಮಾಹಿತಿಯನ್ನು ಒಗ್ಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಮಲಗುವ ಹೊತ್ತಿನಲ್ಲಿ ಫೋನಿನಂಥ ಸಾಧನಗಳ ಬಳಕೆಗೂ ಕಡಿಮೆ ಮತ್ತು ಕಳಪೆ ನಿದ್ದೆಗೂ ನಂಟಿದೆ ಎಂದು ತೋರಿಸಿತು. ಬಳಸದಿದ್ದರೂ ಸರಿ, ಮಲಗುವ ಕೋಣೆಯಲ್ಲಿ ಅಂಥ ಸಾಧನ ಕೈಗೆ ಸಿಗುವಂತಿದ್ದರೆ ಅದೇ ನಂಟು ಕಂಡಿತು ಎಂಬುದು ಅದರ ಮುಖ್ಯ ಅಂಶ. ಕಣ್ಣಿನ ವಿಷಯವೂ ಹೀಗೆಯೇ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ, ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆದ ಗುಂಪಿನಲ್ಲಿ ಮೂರು ವರ್ಷಗಳ ಬಳಿಕ ಸಮೀಪದೃಷ್ಟಿ ದೋಷ ಶೇ 30.4ರಷ್ಟು ಮಕ್ಕಳಿಗೆ ಬಂದಿತ್ತು. ಉಳಿದ ಗುಂಪಿನಲ್ಲಿ ಶೇ 39.5. ಅಲ್ಲಿ ಯಾರೂ ಪರದೆಯ ನಿಮಿಷ ಎಣಿಸಲಿಲ್ಲ. ಆಟಕ್ಕೊಂದು ಹೊತ್ತು ಗೊತ್ತುಮಾಡಿದರು, ಅಷ್ಟೇ. ದೊಡ್ಡವರ ನಡವಳಿಕೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಸಂಶೋಧಕಿ ಜೆನ್ನಿ ರಡೆಸ್ಕಿ ಮತ್ತು ಸಂಗಡಿಗರು ಬೋಸ್ಟನ್ ಪ್ರದೇಶದ ಹೋಟೆಲುಗಳಲ್ಲಿ ಮಕ್ಕಳೊಂದಿಗೆ ಊಟಕ್ಕೆ ಬಂದ 55 ಪೋಷಕರನ್ನು ಗಮನಿಸಿದಾಗ 40 ಮಂದಿ ಊಟದ ನಡುವೆ ಮೊಬೈಲ್ ಬಳಸಿದರು. ಊಟದ ಹೊತ್ತಿನಲ್ಲಿ ಅಪ್ಪನ ಕಣ್ಣು ಪರದೆಯ ಮೇಲಿದ್ದರೆ ಮಗು ಕಲಿಯುವುದು ಅಪ್ಪನ ಮಾತನ್ನಲ್ಲ, ಅವನ ನಡತೆಯನ್ನು.

ಕಾನೂನೇ ಮಕ್ಕಳನ್ನು ತಡೆಯಲಿ ಎನ್ನುವವರು ಈವರೆಗಿನ ಅನುಭವವನ್ನು ಗಮನಿಸಬೇಕು. ದಕ್ಷಿಣ ಕೊರಿಯಾ 2011ರಲ್ಲಿ 16 ವರ್ಷದೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಆಟ ನಿಷೇಧಿಸಿತು. ಮಕ್ಕಳು ತಂದೆತಾಯಿಯರ ನೋಂದಣಿ ಸಂಖ್ಯೆ ಹಾಕಿ ಒಳಹೊಕ್ಕರು. 2022ರ ಆರಂಭಕ್ಕೆ ಕಾನೂನು ರದ್ದಾಯಿತು. ಚೀನಾ 2019ರಲ್ಲಿ ಮಕ್ಕಳ ಆನ್‌ಲೈನ್ ಆಟಕ್ಕೆ ಹೇರಿದ ಮಿತಿಯಿಂದ ಅತಿಯಾಗಿ ಆಡುವವರ ಪ್ರಮಾಣ ಇಳಿಯಿತೆಂಬುದಕ್ಕೆ ನಂಬಲರ್ಹ ಪುರಾವೆ ಸಿಗಲಿಲ್ಲ ಎಂದು 2023ರ ಅಧ್ಯಯನವೊಂದು ಹೇಳಿತು. ಇಂಗ್ಲೆಂಡಿನ 30 ಶಾಲೆಗಳ 1,227 ವಿದ್ಯಾರ್ಥಿಗಳ ಕುರಿತು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನು ನಿಷೇಧಿಸಿದ ಶಾಲೆಯ ಮಕ್ಕಳಿಗೂ ನಿಷೇಧಿಸದ ಶಾಲೆಯ ಮಕ್ಕಳಿಗೂ ಮಾನಸಿಕ ನೆಮ್ಮದಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಒಟ್ಟಾರೆ ಹೆಚ್ಚು ಹೊತ್ತು ಫೋನು ಹಿಡಿದವರ ನಿದ್ದೆ, ನೆಮ್ಮದಿ ಎರಡೂ ಕೆಟ್ಟಿದ್ದವು. ಶಾಲೆಯಲ್ಲಿ ಉಳಿಸಿದ ಹೊತ್ತು ಮನೆಯಲ್ಲಿ ಖರ್ಚಾಗುವುದಾದರೆ, ಕೆಲಸ ನಡೆಯಬೇಕಾದ ಜಾಗ ಮನೆಯೇ.

ಮನೆಯ ಶಿಸ್ತು ಊರಿನ ಶಿಸ್ತಾಗಬಲ್ಲದು ಎಂಬುದಕ್ಕೆ ನೆರೆಯ ಮಹಾರಾಷ್ಟ್ರದಲ್ಲಿ ಉದಾಹರಣೆಯಿದೆ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರ ಆಗಸ್ಟ್‌ನಿಂದ ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ. ಮನೆಗಳಲ್ಲಿ ಟಿ.ವಿ. ಆರುತ್ತದೆ, ಮೊಬೈಲ್ ಬದಿಗೆ ಸರಿಯುತ್ತದೆ. ಎಂಟೂವರೆಗೆ ಮತ್ತೆ ಸೈರನ್ ಕೂಗುವವರೆಗೆ ಮಕ್ಕಳು ಓದುತ್ತಾರೆ. ಆರಂಭದಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಪಂಚಾಯಿತಿ ನೌಕರರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ತಿಳಿಹೇಳಿದರು. ಬೆಳಗಾವಿ ಬಳಿಯ ಹಲಗಾ ಗ್ರಾಮವೂ ಸಂಜೆ ಏಳರಿಂದ ಒಂಬತ್ತರವರೆಗೆ ಇಂಥದೇ ಕಟ್ಟುಪಾಡು ಮಾಡಿಕೊಂಡಿತು. ಇವು ಪ್ರಯೋಗಾಲಯದ ಪರೀಕ್ಷೆಗಳಲ್ಲ; ಫಲಿತಾಂಶ ಸಾಬೀತುಪಡಿಸಲೆಂದು ಇವನ್ನು ಇಲ್ಲಿ ತಂದಿಲ್ಲ. ಗಮನಿಸಬೇಕಾದದ್ದು ಇವುಗಳ ರಚನೆ. ನಿಯಮ ದೊಡ್ಡವರಿಗೂ ಒಂದೇ. ಹೊತ್ತು ನಿಗದಿಯಾಗಿರುವುದರಿಂದ ದಿನವೂ ಚೌಕಾಸಿ ನಡೆಸಬೇಕಿಲ್ಲ. ಪಕ್ಕದ ಮನೆಯ ಗೆಳೆಯನೂ ಅದೇ ಹೊತ್ತಿನಲ್ಲಿ ಫೋನಿಲ್ಲದೆ ಕುಳಿತಿರುವುದರಿಂದ ತಾನೊಬ್ಬನೇ ವಂಚಿತನಾದೆ ಎಂಬ ಕೊರಗು ಮಗುವಿಗಿಲ್ಲ.

ಶಿಸ್ತು ಮನೆಯಿಂದಲೇ ಬರಬೇಕೆಂಬ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯದ್ದು. ಕೊನೆಯೇ ಇಲ್ಲದ ವಿಡಿಯೊಗಳ ಸಾಲನ್ನು ಹೆಣೆದು ಲಾಭ ಮಾಡುವುದು ಕಂಪನಿಗಳು, ಹೊಣೆ ಹೊರಬೇಕಾದದ್ದು ಮಾತ್ರ ತಂದೆತಾಯಿಯೇ ಎಂಬ ಪ್ರಶ್ನೆ ಸರಿಯಾದದ್ದೇ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ; ಮಕ್ಕಳ ಜಾಡು ಹಿಡಿಯುವುದನ್ನೂ ಅವರನ್ನೇ ಗುರಿಯಾಗಿಸಿದ ಜಾಹೀರಾತನ್ನೂ ತಡೆಯುತ್ತದೆ. ಇದು ಅಗತ್ಯವಾದ ಕಾನೂನು. ಆದರೆ ಅಮ್ಮನ ಖಾತೆಯಲ್ಲಿ ಕುಳಿತ ಮಗು ಈ ಕಾನೂನಿನ ಕಣ್ಣಿಗೆ ಮಗುವೇ ಅಲ್ಲ. ಕಂಪನಿಗಳ ಮೇಲಿನ ಹತೋಟಿ ಎಷ್ಟು ಬಿಗಿಯಾದರೂ ಈ ಸಂದು ಉಳಿಯುತ್ತದೆ, ಅದನ್ನು ಮುಚ್ಚಬಲ್ಲದ್ದು ಮನೆ ಮಾತ್ರ. ಕಾನೂನಿಗಾಗಿ ಒತ್ತಾಯಿಸುವುದಕ್ಕೂ ಮನೆಯಲ್ಲಿ ಕ್ರಮ ತರುವುದಕ್ಕೂ ವಿರೋಧವಿಲ್ಲ.

ಎರಡನೆಯ ಆಕ್ಷೇಪ ಬಡತನದ್ದು. ತಂದೆತಾಯಿ ಇಬ್ಬರೂ ಕೂಲಿಗೋ ಗಾರ್ಮೆಂಟ್ಸ್‌ಗೋ ಹೋಗುವ ಮನೆಯಲ್ಲಿ ನಿಯಮ ಕಾಯುವವರು ಯಾರು? ಇಂಥ ಮನೆಗಳಿಗೆ ಉಪದೇಶ ಹೇಳಿದರೆ ಪ್ರಯೋಜನವಿಲ್ಲ, ಮಕ್ಕಳಿಗೆ ಹೋಗಲೊಂದು ಜಾಗ ಬೇಕು. ಕರ್ನಾಟಕದಲ್ಲಿ ಅದರ ಅಡಿಪಾಯ ಈಗಾಗಲೇ ಬಿದ್ದಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಶಾಲೆ ಬಿಟ್ಟ ಹೊತ್ತಿನಿಂದ ಕತ್ತಲಾಗುವವರೆಗೆ ಗ್ರಂಥಾಲಯ ತೆರೆದಿದ್ದು, ಶಾಲೆಯ ಮೈದಾನಕ್ಕೆ ಬೀಗ ಬೀಳದಿದ್ದರೆ, ಫೋನು ಬಿಡು ಎನ್ನುವ ಮಾತಿಗೆ ಅರ್ಥ ಬರುತ್ತದೆ. ಶಾಲೆಗಳೂ ತಮ್ಮ ಪಾಲಿನದನ್ನು ಮಾಡಬೇಕು: ಹೋಂವರ್ಕನ್ನು ವಾಟ್ಸ್‌ಆ್ಯಪ್‌ಗೆ ಹಾಕುವ ಬದಲು ತರಗತಿಯಲ್ಲೇ ಡೈರಿಯಲ್ಲಿ ಬರೆಸಿದರೆ, ಮಗು ಪ್ರತಿ ಸಂಜೆ ಫೋನು ಕೇಳಬೇಕಾದ ಕಾರಣವೊಂದು ಇಲ್ಲವಾಗುತ್ತದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ. ಮನೆಯ ನಿಯಮ ಎಂದೊಡನೆ ಅದು ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಅಸರ್ 2024ರಲ್ಲಿ ಫೋನು ಬಳಸಬಲ್ಲ ಹುಡುಗರಲ್ಲಿ ಶೇ 36.2 ಮಂದಿಗೆ ಸ್ವಂತ ಫೋನಿದ್ದರೆ ಹುಡುಗಿಯರಲ್ಲಿ ಶೇ 26.9 ಮಂದಿಗಷ್ಟೇ ಇತ್ತು. ಅಣ್ಣನಿಗಿಲ್ಲದ ಕಟ್ಟು ತಂಗಿಗೆ, ಸಂದೇಶಗಳ ತಪಾಸಣೆ ಅವಳದಕ್ಕೆ ಮಾತ್ರ ಎಂದಾದರೆ ಅದು ಶಿಸ್ತಲ್ಲ, ಕಾವಲು. ಇಲ್ಲಿ ಹೇಳುತ್ತಿರುವ ಕ್ರಮಕ್ಕೆ ಈ ಆಕ್ಷೇಪವೇ ಒರೆಗಲ್ಲು. ಜಾಗ ಮತ್ತು ಹೊತ್ತಿನ ನಿಯಮಕ್ಕೆ ಯಾರ ಸಂದೇಶವನ್ನೂ ಇಣುಕಿ ನೋಡುವ ಅಗತ್ಯವಿಲ್ಲ, ಅದು ಗಂಡು ಹೆಣ್ಣೆಂಬ ಭೇದ ಮಾಡುವುದೂ ಇಲ್ಲ. ಜೊತೆಗೆ, ಅದೇ ವರದಿಯ ಪ್ರಕಾರ ಸಾಮಾಜಿಕ ಮಾಧ್ಯಮ ಬಳಸಿದ ಮಕ್ಕಳಲ್ಲಿ ಯಾರನ್ನಾದರೂ ಬ್ಲಾಕ್ ಮಾಡಲು ಅಥವಾ ದೂರು ಕೊಡಲು ಗೊತ್ತಿದ್ದವರು ಶೇ 62ರಷ್ಟು ಮಾತ್ರ. ತೊಂದರೆ ಬಂದಾಗ ಫೋನು ಕಿತ್ತುಕೊಳ್ಳುತ್ತಾರೆ ಎಂಬ ಭಯವಿರುವ ಹುಡುಗಿ ಯಾರಿಗೂ ಬಾಯಿ ಬಿಡುವುದಿಲ್ಲ. ಹೇಳಿಕೊಂಡರೆ ಶಿಕ್ಷೆಯಿಲ್ಲ ಎಂಬ ಭರವಸೆ ಮನೆಯ ಮೊದಲ ನಿಯಮವಾಗಬೇಕು.

ಅಭ್ಯಾಸ ಕಾಯಿಲೆಯ ಗಡಿ ದಾಟುವುದೂ ಉಂಟು. ವಿಡಿಯೊ ಆಟದ ಮೇಲಿನ ಹಿಡಿತ ತಪ್ಪಿ, ಓದು, ಊಟ, ನೆಂಟಸ್ತಿಕೆ ಎಲ್ಲಕ್ಕಿಂತ ಅದೇ ಮೇಲಾಗಿ, ಸಾಮಾನ್ಯವಾಗಿ ಒಂದು ವರ್ಷ ಹಾಗೇ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಆಟದ ವ್ಯಸನವೆಂದು ವರ್ಗೀಕರಿಸುತ್ತದೆ. ಅಂಥ ಮಗುವಿಗೆ ಬೇಕಾದದ್ದು ಬೈಗುಳವಲ್ಲ, ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ‘ಶಟ್’ ಕ್ಲಿನಿಕ್ ತೆರೆದದ್ದು ಇದಕ್ಕಾಗಿಯೇ.

ಬಹುಪಾಲು ಮಕ್ಕಳ ವಿಷಯದಲ್ಲಿ ಮಾತು ಅಷ್ಟು ದೂರ ಹೋಗಬೇಕಿಲ್ಲ. ಎಲ್ಲರ ಫೋನುಗಳೂ ರಾತ್ರಿ ಹಜಾರದಲ್ಲೇ ಚಾರ್ಜ್ ಆಗಲಿ, ಯಾವುದೂ ಮಲಗುವ ಕೋಣೆಗೆ ಬರದಿರಲಿ. ಊಟಕ್ಕೆ ಕೂತಾಗ ಯಾರ ಕೈಯಲ್ಲೂ ಫೋನು ಬೇಡ. ಮಗುವಿಗೆ ಫೋನು ಕೊಡುವಾಗ ಯಾವ ಕೆಲಸಕ್ಕೆ ಎಂಬುದು ಮೊದಲೇ ಗೊತ್ತಿರಲಿ. ನಿಯಮ ಮಾಡುವಾಗ ಮಕ್ಕಳೂ ಕೂತು ಮಾತಾಡಲಿ. ವಯಸ್ಸು ಏರಿದಂತೆ, ಪಾಲಿಸಿದ್ದನ್ನು ನೋಡಿ, ಸ್ವಾತಂತ್ರ್ಯವೂ ಏರಲಿ. ಹದಿನೆಂಟು ತುಂಬಿದ ದಿನ ಮಗುವನ್ನು ತಡೆಯುವವರು ಯಾರೂ ಇರುವುದಿಲ್ಲ. ಅಲ್ಲಿಯವರೆಗೆ ದೊಡ್ಡವರೊಂದಿಗೆ ಕೂಡಿ ಪಾಲಿಸಿದ್ದಷ್ಟೇ ಆಗ ಕೈಹಿಡಿಯುವುದು. ದೊಡ್ಡವರು ತಾವು ಮೊದಲು ಫೋನು ಕೆಳಗಿಡಲು ಸಿದ್ಧರಿಲ್ಲದಿದ್ದರೆ ಮಕ್ಕಳಿಂದ ಅದನ್ನು ಕೇಳುವ ಹಕ್ಕೂ ಅವರಿಗಿಲ್ಲ.